ಕೆಜಿಎಫ್ ಗುಜರೀಲಿ ಸಿಕ್ಕ ರಾಬೋನ್ ರಸಮಟ್ಟ: ಒಡೆದ ಗಾಜು ತೆಗೆದು ಮತ್ತೆ ಕೆಲಸಕ್ಕೆ ತಂದಿದ್ದು

ಈ ಸಲ ಬೆಂಚ್ ಮೇಲೆ ಇರೋದು ಒಂದಡಿ ಉದ್ದದ ಮರದ ರಸಮಟ್ಟ, ಅಂದ್ರೆ ಸ್ಪಿರಿಟ್ ಲೆವೆಲ್. ಕಪ್ಪುಗೆಂಪು ಮೈ, ಮೇಲೆ ಹಿತ್ತಾಳೆ ಪಟ್ಟಿ, ಎರಡೂ ತುದೀಲಿ ಹಿತ್ತಾಳೆ ತಗಡು. ಗಾಜಿನ ಕೊಳವೆ ಒಡೆದು ಒಳಗಿದ್ದ ಸ್ಪಿರಿಟ್ ಯಾವ ಕಾಲದಲ್ಲೋ ಆರಿಹೋಗಿದೆ, ಅದನ್ನ ಹಿಡ್ಕೊಂಡಿದ್ದ ಪ್ಲಾಸ್ಟರ್ ಪುಡಿಪುಡಿ, ಒಂದು ಸ್ಕ್ರೂ ಇಲ್ಲ, ಮೈಮೇಲೆಲ್ಲ ಸುಣ್ಣದ ಹನಿ. ಆದ್ರೆ ಪಟ್ಟೀನ ಹೆಬ್ಬೆರಳಲ್ಲಿ ಒರೆಸಿ ಓರೆ ಬೆಳಕಿಗೆ ಹಿಡಿದ್ರೆ ಅಕ್ಷರ ಕಾಣುತ್ತೆ: ಜೆ. ರಾಬೋನ್ ಅಂಡ್ ಸನ್ಸ್, ಬರ್ಮಿಂಗ್‌ಹ್ಯಾಮ್. ಆ ಹೆಸರು ನೋಡಿದ್ಮೇಲೆ ಬಿಟ್ಟು ಬರೋಕೆ ನನ್ನ ಕೈಲಿ ಆಗಲ್ಲ.

ಸಿಕ್ಕಿದ್ದು ರಾಬರ್ಟ್‌ಸನ್‌ಪೇಟೆ ಕಡೆಯ ಒಂದು ಗುಜರಿ ಅಂಗಡೀಲಿ. ಗುಜರಿಗೆ ಬಂದ ಇಂಥ ಸಾಮಾನಿನ ಗತಿ ಏನು ಅಂದ್ರೆ, ಹಿತ್ತಾಳೆ ಕಿತ್ತು ಕೆಜಿ ಲೆಕ್ಕಕ್ಕೆ ಹಾಕ್ತಾರೆ, ಮರ ನೀರೊಲೆಗೆ ಹೋಗುತ್ತೆ. ಹೊಟ್ಟೆ ಉರಿಯೋದು ಇದಕ್ಕೇ. ಅಂಗಡಿಯವರನ್ನ ಬೈದು ಪ್ರಯೋಜನ ಇಲ್ಲ, ಅವರ ವ್ಯಾಪಾರ ತೂಕದ್ದು, ಅದಕ್ಕೇ ನಾನು ಅವರ ಹತ್ರ ಮೊದಲೇ ಹೇಳಿಟ್ಟಿದೀನಿ, ಮರಕ್ಕೆ ಹಿತ್ತಾಳೆ ಹೊಡೆದಿರೋ ಯಾವ ಹಳೇ ಸಾಮಾನು ಬಂದ್ರೂ ಬಿಚ್ಚಬೇಡಿ, ಫೋನ್ ಮಾಡಿ, ಹಿತ್ತಾಳೆ ರೇಟಿಗಿಂತ ಜಾಸ್ತಿನೇ ಕೊಡ್ತೀನಿ ಅಂತ. "ಇದ್ರಲ್ಲಿ ಹಿತ್ತಾಳೆ ಎಷ್ಟಿರುತ್ತೆ ಸಾರ್, ಕಾಲು ಕೆಜಿನೂ ತೂಗಲ್ಲ, ಹಂಗೇ ತಗೊಂಡೋಗಿ" ಅಂದ್ರು. ಊರ್ಗಾಂ ಕಡೆ ಯಾವುದೋ ಹಳೇ ಮನೆ ಖಾಲಿ ಮಾಡುವಾಗ ಬಂದಿದ್ದಂತೆ. ಜೊತೆಗೆ ಮೈ ಸೀಳಿಹೋದ, ಹೆಸರೇ ಇಲ್ಲದ ಇನ್ನೊಂದು ರಸಮಟ್ಟನೂ ಇತ್ತು, ಅದರ ಗಾಜು ಮಾತ್ರ ಗಟ್ಟಿಯಾಗಿತ್ತು, ಅದನ್ನೂ ಎತ್ಕೊಂಡೆ. ಯಾಕೆ ಅಂತ ಮುಂದೆ ಹೇಳ್ತೀನಿ.

ಈಗ ರಾಬೋನ್ ಅಂದ್ರೆ ಯಾರು ಅನ್ನೋದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಳತೆ ಸಾಮಾನು ಮಾಡ್ತಿದ್ದ ಮನೆತನ, ಕಂಪನಿ ತನ್ನ ಶುರುವನ್ನ 1784ಕ್ಕೆ ಲೆಕ್ಕ ಹಾಕ್ತಿತ್ತು. ಮರದ ಮಡಚೋ ಅಡಿಕೋಲು, ರಸಮಟ್ಟ, ಆಮೇಲೆ ಸ್ಟೀಲ್ ಸ್ಕೇಲು, ಟೇಪು. ಕಾರ್ಖಾನೆ ಹೆಸರು ಹಾಕ್ಲಿ ಅಬ್ಬೆ ವರ್ಕ್ಸ್. ಅದೇ ಊರಲ್ಲಿ ಎಡ್ವರ್ಡ್ ಪ್ರೆಸ್ಟನ್ ಅಂಡ್ ಸನ್ಸ್ ಅಂತ ಇನ್ನೊಂದು ಕಂಪನಿ, 1825ರಿಂದ ಇದ್ದದ್ದು, ಉಜ್ಜುಗೊರಡು, ರಸಮಟ್ಟ, ಅಡಿಕೋಲು ಎಲ್ಲ ಮಾಡ್ತಿದ್ರು, ಅದನ್ನ 1932ರಲ್ಲಿ ರಾಬೋನ್‌ನವರು ತಗೊಂಡ್ರು. ಪ್ರೆಸ್ಟನ್‌ನವರ ಉಜ್ಜುಗೊರಡಿನ ಕೆಲವು ಡಿಸೈನು ಮಾತ್ರ ಶೆಫೀಲ್ಡಿನ ಸಿ ಅಂಡ್ ಜೆ ಹ್ಯಾಂಪ್ಟನ್‌ಗೆ, ಅಂದ್ರೆ ನಮ್ಮಲ್ಲಿ ವೈಸ್ ಮೇಲೆ ರೆಕಾರ್ಡ್ ಅಂತ ಹೆಸರು ನೋಡ್ತೀವಲ್ಲ ಅವರಿಗೆ ಹೋಯ್ತು. 1963ರಲ್ಲಿ ರಾಬೋನ್ ಶೆಫೀಲ್ಡಿನ ಜೇಮ್ಸ್ ಚೆಸ್ಟರ್‌ಮನ್ ಕಂಪನಿ ಜೊತೆ ಸೇರಿ ರಾಬೋನ್ ಚೆಸ್ಟರ್‌ಮನ್ ಆಯ್ತು. ಚೆಸ್ಟರ್‌ಮನ್ ಸಾಮಾನ್ಯ ಹೆಸರಲ್ಲ, ಎಳೆದು ಬಿಟ್ರೆ ತಾನೇ ಒಳಗೆ ಸುತ್ತಿಕೊಳ್ಳೋ ಸ್ಪ್ರಿಂಗ್ ಟೇಪಿಗೆ 1829ರಲ್ಲೇ ಪೇಟೆಂಟ್ ತಗೊಂಡಿದ್ದ ಮನುಷ್ಯ. ಕೊನೆಗೆ 1990ರಲ್ಲಿ ಸ್ಟ್ಯಾನ್ಲಿ ಇಡೀ ಕಂಪನಿನ ಕೊಂಡ್ಕೊಂಡು, ಆಮೇಲೆ ಆ ಹೆಸರೇ ಮಾರ್ಕೆಟ್ಟಿಂದ ಹೋಯ್ತು. ಇನ್ನೂರು ವರ್ಷಕ್ಕೂ ಜಾಸ್ತಿ ಬಾಳಿದ ಹೆಸರು.

ಈ ಕಥೆ ಗೊತ್ತಿದ್ರೆ ಸಾಮಾನಿನ ವಯಸ್ಸು ಅಂದಾಜು ಮಾಡೋದು ಸುಲಭ. ರಾಬೋನ್ ಚೆಸ್ಟರ್‌ಮನ್ ಅಂತ ಜೋಡಿ ಹೆಸರಿದ್ರೆ 1963ರ ಮೇಲಿಂದು. ಬರೀ ರಾಬೋನ್ ಅಂಡ್ ಸನ್ಸ್ ಅಂತಿದ್ರೆ ಅದಕ್ಕಿಂತ ಹಿಂದಿಂದು. ಪ್ರೆಸ್ಟನ್ ಹೆಸರಿದ್ರೆ ಹೆಚ್ಚುಕಮ್ಮಿ 1932ರ ಒಳಗಿಂದು. ನನ್ನ ರಸಮಟ್ಟ ಎರಡನೇ ಗುಂಪಿಗೆ ಸೇರುತ್ತೆ. ಇದಕ್ಕಿಂತ ಸೂಕ್ಷ್ಮವಾಗಿ ವರ್ಷ ಹೇಳೋರನ್ನ ನಾನು ಅಷ್ಟು ಬೇಗ ನಂಬಲ್ಲ, ಸೇಲಿಗಿಟ್ಟಿರೋರು ಎಲ್ಲಾದಕ್ಕೂ ನೂರೈವತ್ತು ವರ್ಷ ಹಳೇದು ಅಂತಾರೆ.

ಕೋಲಾರ ಜಿಲ್ಲೇಲಿ ಇಂಗ್ಲೆಂಡಿನ ಟೂಲ್ಸ್ ಇಷ್ಟೊಂದು ಹೇಗೆ ಅಂತ ಹೊರಗಿನೋರು ಕೇಳ್ತಾರೆ. ಇಲ್ಲಿನೋರಿಗೆ ಹೇಳೋದೇ ಬೇಡ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ್ಮೇಲೆ ಚಿನ್ನದ ಗಣಿ ದೊಡ್ಡದಾಯ್ತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟೇ ಬಂತು, ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳೀತು. ಅಷ್ಟು ಆಳದ ಗಣೀಲಿ ಮರದ ಕೆಲಸ ಕಮ್ಮಿ ಇರುತ್ತಾ? ಸುರಂಗ ಕುಸೀದ ಹಾಗೆ ಕೊಡೋ ಮರದ ಆಸರೆ, ಗಣಿಗೆ ಇಳಿಯೋ ಪಂಜರ, ಮೆಷಿನ್ ಕೂರಿಸೋ ಅಡಿಪಾಯ, ಬಂಗಲೆ, ಕ್ಲಬ್ಬು, ಆಸ್ಪತ್ರೆ, ಕಾರ್ಮಿಕರ ಲೈನ್ ಮನೆಗಳು. ಫಿಟ್ಟರ್ರು, ಬಡಗಿಗಳು, ಗಾರೆ ಮೇಸ್ತ್ರಿಗಳು ಪೀಳಿಗೆ ಪೀಳಿಗೆಗಳೇ ಅಲ್ಲಿ ದುಡಿದಿದಾರೆ. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯ್ತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದ್ರು. ಅವತ್ತಿಂದ ಇವತ್ತಿನ ತನಕ ಆ ಮನೆಗಳ ಅಟ್ಟದಿಂದ, ಹಾಸಿಗೆ ಕೆಳಗಿನ ಪೆಟ್ಟಿಗೆಯಿಂದ ಟೂಲ್ಸ್ ಒಂದೊಂದಾಗಿ ಗುಜರಿಗೆ ಇಳೀತಾನೇ ಇವೆ. ತಾತ ತೀರ್ಕೊಂಡ್ರು, ಮೊಮ್ಮಕ್ಕಳು ಬೆಂಗಳೂರಿಗೆ ಟ್ರೇನಲ್ಲಿ ಓಡಾಡ್ತಾರೆ, ಪೆಟ್ಟಿಗೆ ಯಾರಿಗೂ ಬೇಡ.

ಸರಿ, ಕೆಲಸಕ್ಕೆ ಬರೋಣ.

ಮೊದಲು ಸ್ಕ್ರೂ. ಹಳೇ ರಸಮಟ್ಟ ಹಾಳಾಗೋದೇ ಇಲ್ಲಿ. ಅಂಗಡೀಲಿ ಸಿಗೋ ಸ್ಕ್ರೂಡ್ರೈವರ್ ತುದಿ ಬೆಣೆ ಆಕಾರದಲ್ಲಿರುತ್ತೆ, ಹಳೇ ಸ್ಕ್ರೂ ಕಚ್ಚು ಸಣ್ಣಕ್ಕೆ ನೇರವಾಗಿರುತ್ತೆ, ಹಾಕಿ ತಿರುಗಿಸಿದ್ರೆ ಜಾರಿ ತಲೆ ಕಿತ್ತುಹೋಗಿ ಪಟ್ಟಿ ಮೇಲೆ ಗೀರು ಬೀಳುತ್ತೆ. ಅದಕ್ಕೆ ಒಂದು ಹಳೇ ಡ್ರೈವರ್ ತುದೀನ ಅರದಲ್ಲಿ ಉಜ್ಜಿ ಕಚ್ಚಿಗೆ ಸರಿಯಾಗಿ ಕೂರೋ ಹಾಗೆ ಮಾಡ್ಕೊಂಡೆ, ಅಗಲನೂ ಸ್ಕ್ರೂ ತಲೆಯಷ್ಟೇ. ಕಚ್ಚಲ್ಲಿ ತುಂಬಿದ್ದ ಸುಣ್ಣ, ಕೊಳೆ ಎಲ್ಲ ಸೂಜೀಲಿ ಕೆದರಿ ತೆಗೆದೆ. ಎರಡು ಸ್ಕ್ರೂ ಅಲುಗಾಡಲೇ ಇಲ್ಲ, ಅದಕ್ಕೆ ಸಾಲ್ಡ್ರಿಂಗ್ ಐರನ್ ಕಾಯಿಸಿ ತಲೆ ಮೇಲೆ ಒಂದೆರಡು ನಿಮಿಷ ಇಟ್ಟು, ತಣ್ಣಗಾಗೋಕೆ ಬಿಟ್ಟು, ಆಮೇಲೆ ಮೊದಲು ಸ್ವಲ್ಪ ಬಿಗಿ ಮಾಡೋ ಕಡೆಗೇ ತಿರುಗಿಸಿ ಹಿಂದಕ್ಕೆ ತಂದ್ರೆ ಟಕ್ ಅಂತ ಬಿಡ್ತು. ಯಾವ ಸ್ಕ್ರೂ ಯಾವ ತೂತಿಂದು ಅಂತ ಒಂದು ರಟ್ಟಿನ ಮೇಲೆ ಚಿತ್ರ ಬರೆದು ಅದರಲ್ಲೇ ಚುಚ್ಚಿಟ್ಟೆ, ಹಳೇ ಸ್ಕ್ರೂ ಒಂದೊಂದೂ ಒಂದೊಂದು ಥರ ಸವೆದಿರುತ್ತೆ, ಅದರದ್ದೇ ತೂತಿಗೆ ಹೋದ್ರೆನೇ ಸರಿ.

ಹಿತ್ತಾಳೆ ಪಟ್ಟಿ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ನಮ್ಮ ಮನೇಲಿ ಎಲ್ಲಾರೂ ಹುಣಸೆಹುಳಿ ಹಾಕಿ ತಿಕ್ಕು, ದೀಪದ ಕಂಬದ ಥರ ಹೊಳೆಯುತ್ತೆ ಅಂದ್ರು. ಹೊಳೆಯುತ್ತೆ, ನಿಜ. ಆದ್ರೆ ಹುಳೀನ ಜಾಸ್ತಿ ಹೊತ್ತು ಬಿಟ್ರೆ ಹಿತ್ತಾಳೆಯಲ್ಲಿರೋ ಸತು ಮೇಲ್ಮೈಯಿಂದ ಎದ್ದುಹೋಗಿ ತಾಮ್ರದ ಗುಲಾಬಿ ಬಣ್ಣ ತಿರುಗುತ್ತೆ, ಮೇಲೆ ಗಟ್ಟಿಯಾಗಿ ತಿಕ್ಕಿದ್ರೆ ಅರ್ಧ ಸವೆದಿರೋ ಅಕ್ಷರ ಪೂರ್ತಿ ಹೋಗುತ್ತೆ. ಆ ಅಕ್ಷರ ಹೋದ್ರೆ ಇದು ಯಾವ ಕಂಪನಿದು, ಯಾವ ಕಾಲದ್ದು ಅಂತ ಹೇಳೋಕೆ ಇನ್ನೇನೂ ಉಳಿಯಲ್ಲ. ಅದಕ್ಕೇ ಬಿಸಿನೀರು, ಪಾತ್ರೆ ಸೋಪು, ಮೆತ್ತಗಿನ ಹಲ್ಲುಜ್ಜೋ ಬ್ರಷ್ಷು, ಅಷ್ಟೇ. ಸುಣ್ಣದ ಹನೀನ ಬಿದಿರು ಕಡ್ಡಿ ಚೂಪು ಮಾಡಿ ಎಬ್ಬಿಸಿದೆ, ಕಬ್ಬಿಣದ್ದೇನೂ ಮುಟ್ಟಿಸಿಲ್ಲ. ಪಟ್ಟಿ ಕಂದು ಬಣ್ಣಕ್ಕೇ ಇದೆ, ಇರಲಿ. ಮರಕ್ಕೆ ಒಣಬಟ್ಟೇಲಿ ಅಗಸೆ ಎಣ್ಣೆ ತೆಳ್ಳಗೆ ಸವರಿ, ಹೀರಿದ್ಮೇಲೆ ಮಿಕ್ಕಿದ್ದನ್ನ ಒರೆಸಿಬಿಟ್ಟೆ. ಒರೆಸಿದ ಬಟ್ಟೇನ ಉಂಡೆ ಮಾಡಿ ಮೂಲೆಗೆ ಎಸೀಬೇಡಿ, ಅಗಸೆ ಎಣ್ಣೆ ಬಟ್ಟೆ ತಾನಾಗೇ ಕಾವು ಏರಿ ಬೆಂಕಿ ಹತ್ಕೊಳ್ಳುತ್ತೆ, ಬಿಡಿಸಿ ಹೊರಗೆ ತಂತಿ ಮೇಲೆ ಹರಡಿ ಒಣಗಿಸಿ.

ತಳ ಆಮೇಲೆ. ರಸಮಟ್ಟದಲ್ಲಿ ಎರಡೇ ವಿಷಯ: ತಳ ನೇರ ಇರಬೇಕು, ಗಾಜು ಆ ತಳಕ್ಕೆ ಸಮಾನಾಂತರ ಇರಬೇಕು. ತಳ ಸೊಟ್ಟ ಇಟ್ಕೊಂಡು ಗಾಜು ಕೂರಿಸಿದ್ರೆ ಎಲ್ಲಾ ವೇಸ್ಟು. ನೇರ ಮಾಡೋಕೆ ನಾನು ಬಳಸೋದು ಅಡುಗೆಮನೆ ಕಟ್ಟೆಗೆ ಹಾಕೋ ಪಾಲಿಶ್ ಗ್ರಾನೈಟ್ ತುಂಡು, ನಮ್ಮ ಕಡೆ ಗ್ರಾನೈಟಿಗೇನು ಬರ, ಕಟಿಂಗ್ ಮಾಡೋ ಜಾಗದಲ್ಲಿ ಮಿಕ್ಕಿದ ತುಂಡು ಸುಮ್ನೇ ಕೊಡ್ತಾರೆ. ಒಳ್ಳೇ ಸ್ಟೀಲ್ ಸ್ಕೇಲನ್ನ ಅದರ ಮೇಲೆ ಅಂಚಿನ ಮೇಲೆ ನಿಲ್ಲಿಸಿ ಹಿಂದಿಂದ ಟಾರ್ಚ್ ಬಿಟ್ಟು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ, ಎಲ್ಲೂ ಬೆಳಕು ಬರದೇ ಇರೋ ತುಂಡನ್ನೇ ಆರಿಸಿ. ಅದರ ಮೇಲೆ ಎಮರಿ ಪೇಪರ್ ಅಂಟಿಸಿ, ರಸಮಟ್ಟದ ತಳಕ್ಕೆ ಪೆನ್ಸಿಲ್ಲಲ್ಲಿ ಗೀಚಿ ಉಜ್ಜಿದ್ರೆ ಉಬ್ಬಿರೋ ಕಡೆ ಪೆನ್ಸಿಲ್ ಮೊದಲು ಅಳಿಸುತ್ತೆ. ನಂದು ಎರಡೂ ತುದೀಲಿ ಇಳಿದು ಮಧ್ಯ ಉಬ್ಬಿತ್ತು, ವರ್ಷಗಟ್ಟಲೆ ಕಲ್ಲು ಇಟ್ಟಿಗೆ ಮೇಲೆ ಇಟ್ಟು ಎಳೆದಿದ್ದಕ್ಕೆ. ಎಲ್ಲಾ ಕಡೆ ಒಂದೇ ಸಮ ಅಳಿಸೋ ತನಕ ಉಜ್ಜಿದೆ, ಅಷ್ಟರ ಮೇಲೆ ಒಂದೆಳೆ ಕೂಡ ಜಾಸ್ತಿ ತೆಗೀಲಿಲ್ಲ.

ಇನ್ನು ಗಾಜು, ಇದು ನನಗೆ ತುಂಬ ಇಷ್ಟದ ಭಾಗ.

ರಸಮಟ್ಟದ ಕೊಳವೆ ನೋಡೋಕೆ ನೇರ, ಆದ್ರೆ ನೇರ ಇರಲ್ಲ. ಪೂರ್ತಿ ನೇರ ಇದ್ದಿದ್ರೆ ಗುಳ್ಳೆ ಮಧ್ಯ ನಿಲ್ತಾನೇ ಇರಲಿಲ್ಲ, ಚೂರು ಓರೆಯಾದ್ರೂ ಒಂದು ತುದಿಗೆ ಓಡಿಬಿಡ್ತಿತ್ತು. ಅದಕ್ಕೇ ಗಾಜನ್ನ ಮೇಲಕ್ಕೆ ಸ್ವಲ್ಪ ಬಾಗಿಸಿರ್ತಾರೆ, ಇಲ್ಲಾ ಒಳಗಡೆನೇ ಉಜ್ಜಿ ಮಧ್ಯ ಅಗಲ ಮಾಡಿರ್ತಾರೆ. ಗುಳ್ಳೆ ಯಾವಾಗ್ಲೂ ಅತೀ ಎತ್ತರದ ಜಾಗ ಹುಡುಕುತ್ತೆ. ಬಾಗು ಕಮ್ಮಿ ಇದ್ದಷ್ಟೂ ರಸಮಟ್ಟ ಸೂಕ್ಷ್ಮ. 1661ರ ಸುಮಾರಿಗೆ ಫ್ರಾನ್ಸಿನ ಮೆಲ್ಕಿಸೆಡೆಕ್ ತೆವೆನೋ ಮಾಡಿದ ಉಪಾಯ ಇದು, ಇವತ್ತಿಗೂ ಬದಲಾಗಿಲ್ಲ.

ಆ ಹೆಸರಿಲ್ಲದ ರಸಮಟ್ಟದಿಂದ ಗಾಜು ಬಿಡಿಸಿದ್ದು ಹೀಗೆ: ಅದರ ಪ್ಲಾಸ್ಟರ್ ಮೇಲೆ ಹನಿ ಹನಿ ನೀರು ಬಿಟ್ಟು ನೆನೆಸಿ, ಸಣ್ಣ ಉಳಿ ತುದೀಲಿ ಸುತ್ತ ಕೆರೆದು, ಗಾಜಿಗೆ ಬಲ ಬೀಳದ ಹಾಗೆ. ರಾಬೋನ್‌ನ ಗುಂಡಿಯಿಂದಲೂ ಹಳೇ ಪ್ಲಾಸ್ಟರ್, ಗಾಜಿನ ಚೂರು ಎಲ್ಲ ತೆಗೆದೆ, ಕೈಗೆ ಗ್ಲೌಸ್ ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಹಳೇ ಗಾಜಿನ ಚೂರು ಸೂಜಿಗಿಂತ ಸಣ್ಣ. ಕೊಳವೇನ ಗ್ರಾನೈಟ್ ಮೇಲಿಟ್ಟು ಮೆಲ್ಲಗೆ ಉರುಳಿಸಿದ್ರೆ ಯಾವ ಕಡೆ ಬಾಗಿದೆ ಅಂತ ಗೊತ್ತಾಗುತ್ತೆ, ಉಬ್ಬಿದ ಬೆನ್ನಿಗೆ ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟೆ, ಆ ಚುಕ್ಕೆ ಮೇಲಕ್ಕೆ ಬರಬೇಕು. ತಲೆಕೆಳಗಾಗಿ ಕೂರಿಸಿದ್ರೆ ಗುಳ್ಳೆ ಮಧ್ಯ ನಿಲ್ಲೋದೇ ಇಲ್ಲ.

ಈಗ ಒಂದು ಪ್ರಶ್ನೆ. ರಸಮಟ್ಟ ಸರಿಮಾಡೋಕೆ ಮಟ್ಟವಾಗಿರೋ ಜಾಗ ಬೇಕು, ಆ ಜಾಗ ಮಟ್ಟವಾಗಿದೆ ಅಂತ ತಿಳಿಯೋಕೆ ಸರಿ ಇರೋ ರಸಮಟ್ಟ ಬೇಕು, ಹಾಗಾದ್ರೆ ಶುರು ಎಲ್ಲಿಂದ? ಉತ್ತರ ಬಹಳ ಚೆನ್ನಾಗಿದೆ. ಸುಳ್ಳು ಹೇಳೋ ರಸಮಟ್ಟ ಇಟ್ಕೊಂಡೂ ನಿಜವಾದ ಮಟ್ಟ ಹುಡುಕಬಹುದು. ಯಾವುದೋ ಒಂದು ರಸಮಟ್ಟ ಇಡಿ, ಗುಳ್ಳೆ ಎಲ್ಲಿದೆ ನೋಡಿ, ಅದೇ ಜಾಗದಲ್ಲಿ ತುದಿ ಅದಲುಬದಲು ಮಾಡಿ ತಿರುಗಿಸಿಡಿ. ಗುಳ್ಳೆ ಎರಡೂ ಸಲ ನಿಮ್ಮ ಎಡಕ್ಕೇ ಹೋದ್ರೆ ಕಲ್ಲು ಎಡಕ್ಕೆ ಎತ್ತರ. ಒಂದು ಸಲ ಎಡ, ತಿರುಗಿಸಿದ್ರೆ ಅಷ್ಟೇ ದೂರ ಬಲ ಅಂದ್ರೆ ಕಲ್ಲು ಮಟ್ಟವಾಗಿದೆ, ರಸಮಟ್ಟ ತಪ್ಪು. ಎರಡೂ ಬೆರೆತಿದ್ರೆ, ಗಾಜಿನ ಮೇಲೆ ಎರಡು ಸಲ ಗುಳ್ಳೆ ನಿಂತ ಜಾಗಗಳ ನಡುಮಧ್ಯಕ್ಕೆ ಅದು ಬರೋ ತನಕ ಕಲ್ಲಿನ ಕೆಳಗೆ ಕಾಗದ ಕೊಡ್ತಾ ಹೋಗಿ. ನಾನು ಗ್ರಾನೈಟ್ ತುಂಡಿನ ಮೂಲೆ ಕೆಳಗೆ ಕಾಗದ ಮಡಚಿ ಮಡಚಿ ಕೊಟ್ಟು ಹೀಗೇ ಮಟ್ಟ ಮಾಡ್ಕೊಂಡೆ, ಸಾವಿರಾರು ರೂಪಾಯಿ ಡಿಜಿಟಲ್ ಲೆವೆಲ್ ಏನೂ ಬೇಕಾಗಿಲ್ಲ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಗ ಗಟ್ಟಿಯಾಗುತ್ತೆ, ಗಾಜು ಸರಿಸಿ ನೋಡೋಕೆ ಟೈಮ್ ಸಾಲಲ್ಲ. ಕಲಸೋ ನೀರಿಗೆ ಎರಡು ಹನಿ ನಿಂಬೆರಸ ಹಾಕಿದ್ರೆ ಗಟ್ಟಿಯಾಗೋದು ನಿಧಾನ ಆಗುತ್ತೆ. ದೋಸೆ ಹಿಟ್ಟಿಗಿಂತ ಚೂರು ಗಟ್ಟಿ ಹದಕ್ಕೆ ಕಲಸಿ, ಗುಂಡಿ ಒಳಗೆ ಮರಕ್ಕೆ ಸ್ವಲ್ಪ ನೀರು ಸವರಿ, ಇಲ್ಲಾಂದ್ರೆ ಒಣಮರ ಪ್ಲಾಸ್ಟರಿನ ನೀರೆಲ್ಲ ಎಳ್ಕೊಳ್ಳುತ್ತೆ, ತಳಕ್ಕೆ ಹಾಕಿ ಕೊಳವೆ ಒತ್ತಿ ಕೂರಿಸಿದೆ. ಆಮೇಲೆ ಮಟ್ಟ ಮಾಡಿದ ಗ್ರಾನೈಟ್ ಮೇಲಿಟ್ಟು ಬೆಂಕಿಕಡ್ಡಿ ತುದೀಲಿ ಎತ್ತರ ಇರೋ ಕಡೆ ಮೆಲ್ಲಗೆ ಒತ್ತಿ ಗುಳ್ಳೆನ ಮಧ್ಯಕ್ಕೆ ತಂದು, ಮುಟ್ಟದೆ ಬಿಟ್ಟೆ.

ಗಟ್ಟಿಯಾದ್ಮೇಲೆ ನೋಡಿದ್ರೆ ಗುಳ್ಳೆ ಕೂದಲೆಳೆಯಷ್ಟು ಬಲಕ್ಕೆ ಸರಿದಿತ್ತು. ಇದು ಆಗೋದೇ, ಪ್ಲಾಸ್ಟರ್ ಗಟ್ಟಿಯಾಗುವಾಗ ಚೂರು ಹಿಗ್ಗುತ್ತೆ. ಎಷ್ಟು ತಪ್ಪು ಅಂತ ಅಳೆಯೋಕೆ ಸಾಮಾನ್ಯ ಎ4 ಜೆರಾಕ್ಸ್ ಹಾಳೆ ಸಾಕು, ಒಂದು ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. 300 ಮಿಲಿಮೀಟರ್ ಉದ್ದದ ರಸಮಟ್ಟದ ಒಂದು ತುದಿ ಕೆಳಗೆ ಒಂದು ಹಾಳೆ ಅಂದ್ರೆ ಮೂರು ಸಾವಿರಕ್ಕೆ ಒಂದು ಇಳಿಜಾರು, ಮೂರು ಹಾಳೆ ಅಂದ್ರೆ ಮೀಟರಿಗೆ ಒಂದು ಮಿಲಿಮೀಟರ್. ಎಡ ತುದಿ ಕೆಳಗೆ ಎರಡು ಹಾಳೆ ಕೊಟ್ರೆ ಗುಳ್ಳೆ ಸರಿಯಾಗಿ ಮಧ್ಯ ಬಂತು. ಅಂದ್ರೆ ಬಲ ತುದಿ ತಳದಲ್ಲಿ 0.2 ಮಿಲಿಮೀಟರ್ ಇಳಿಸಬೇಕು. ಮತ್ತೆ ಎಮರಿ ಪೇಪರ್ ಮೇಲೆ ಬಲ ತುದಿಗೆ ಬೆರಳಿನ ಭಾರ ಜಾಸ್ತಿ ಕೊಟ್ಟು ಉಜ್ಜೋದು, ತಿರುಗಿಸಿ ನೋಡೋದು, ಉಜ್ಜೋದು, ನೋಡೋದು. ಕೊನೆಗೆ ಯಾವ ಕಡೆ ತಿರುಗಿಸಿಟ್ರೂ ಗುಳ್ಳೆ ಅದೇ ಎರಡು ಗೆರೆ ಮಧ್ಯ ಬಂದು ನಿಂತಾಗ ಆದ ಖುಷಿ ಇದೆಯಲ್ಲ, ಅದನ್ನ ಹೇಳೋಕೆ ಬರಲ್ಲ.

ಇನ್ನೊಂದು ಮಾತು. ನಮ್ಮ ಕೋಲಾರದ ಏಪ್ರಿಲ್ ಬಿಸಿಲಲ್ಲಿ ಒಳಗಿನ ಸ್ಪಿರಿಟ್ ಹಿಗ್ಗಿ ಗುಳ್ಳೆ ಚಿಕ್ಕದಾಗುತ್ತೆ, ಬೆಳಗಿನ ಜಾವ ದೊಡ್ಡದಿರುತ್ತೆ. ಹಾಗಾಗಿ ಗುಳ್ಳೆಯ ಒಂದು ಅಂಚು ಮಾತ್ರ ನೋಡಿ ಮಟ್ಟ ಹೇಳಬಾರದು, ಎರಡೂ ಕಡೆ ಗೆರೆಯಿಂದ ಸಮದೂರ ಇದೆಯಾ ಅಂತ ನೋಡಬೇಕು.

ರಸಮಟ್ಟದ ಜೊತೆಗೇ ಇದೇ ಕಂಪನಿಯ ಒಂದು ಮಡಚೋ ಅಡಿಕೋಲನ್ನೂ ಸರಿಮಾಡಿದೆ, ಅದರದ್ದು ಸ್ವಲ್ಪ ಹೇಳಿಬಿಡ್ತೀನಿ. ಎರಡಡಿದು, ನಾಲ್ಕು ಮಡಿಕೆ, ಮಡಚಿದ್ರೆ ಆರಿಂಚು, ಜೇಬಿಗೆ ಹೋಗುತ್ತೆ. ಬಾಕ್ಸ್‌ವುಡ್ ಮರ, ಮೇಲೆ ವಾರಂಟೆಡ್ ಬಾಕ್ಸ್‌ವುಡ್ ಅಂತ ಒತ್ತಿದಾರೆ. ಹಿತ್ತಾಳೆ ಕೀಲು ಸಡಿಲ ಆಗಿ ಜೋತುಬೀಳ್ತಿತ್ತು. ಕೀಲಿನ ಪಿನ್ನಿನ ಒಂದು ತಲೇನ ಕಬ್ಬಿಣದ ದಿಮ್ಮಿ ಮೇಲಿಟ್ಟು ಇನ್ನೊಂದು ತಲೆ ಮೇಲೆ ಅಕ್ಕಸಾಲಿ ಸುತ್ತಿಗೇಲಿ ಸುತ್ತಲೂ ಹಗುರಕ್ಕೆ ತಟ್ಟಿದ್ರೆ ಬಿಗಿಯಾಗುತ್ತೆ, ಒಂದೆರಡು ಏಟಿಗೊಂದ್ಸಲ ತೆರೆದು ಮಡಚಿ ನೋಡ್ತಿರಬೇಕು. ಮರಕ್ಕೆ ಮಾತ್ರ ಸ್ಯಾಂಡ್‌ಪೇಪರ್ ತೋರಿಸಲೇಬೇಡಿ, ಗೆರೆಗಳ ಆಳ ಬಹಳ ಕಮ್ಮಿ, ಉಜ್ಜಿದ್ರೆ ಅಳತೆನೇ ಮಾಯ. ಪೆನ್ಸಿಲ್ ರಬ್ಬರು, ಹಿಂಡಿದ ಒದ್ದೆಬಟ್ಟೆ ಸಾಕು.

ಇದನ್ನ ಬೇತಮಂಗಲದ ಕಡೆಯ ವಯಸ್ಸಾದ ಒಬ್ಬ ಆಚಾರ್ರಿಗೆ ತೋರಿಸ್ದೆ. ತಗೊಂಡೋರೇ ಒಂದೇ ಕೈಲಿ ಹೆಬ್ಬೆರಳಿಂದ ಸರಕ್ ಅಂತ ನಾಲ್ಕೂ ಮಡಿಕೆ ಬಿಡಿಸಿ, ತುದೀನ ಉಗುರಲ್ಲಿ ಸವರಿ ನೋಡಿದ್ರು.

"ತುದಿ ಸವೆದಿದೆ ನೋಡಪ್ಪ. ತುದಿಯಿಂದ ಅಳೀಬೇಡ. ಒಂದಿಂಚಿನ ಗೆರೆಯಿಂದ ಹಿಡಿ, ಬಂದಿದ್ದರಲ್ಲಿ ಒಂದಿಂಚು ಕಳಿ."

"ನೀವೂ ಹಿಂಗೇ ಅಳೀತಿದ್ರಾ ಆಚಾರ್ರೇ?"

"ನಮ್ಮಪ್ಪನೂ ಹಿಂಗೇ. ಬಾಗಿಲು ಚೌಕಟ್ಟಲ್ಲಿ ಒಂದು ನೂಲು ಆಚೀಚೆ ಆದ್ರೂ ನಮ್ಮಪ್ಪ ಮರ ಎತ್ತಿ ಆಚೆ ಇಡ್ತಿದ್ರು."

ಒಂದು ನೂಲು ಅಂದ್ರೆ ಇಂಚಿನ ಎಂಟನೇ ಒಂದು ಭಾಗ. ಮೆಟ್ರಿಕ್ ಕಾನೂನು ಬಂದಿದ್ದು 1956ರಲ್ಲಿ, ಆದ್ರೂ ಇವತ್ತಿಗೂ ನಮ್ಮ ಕಡೆ ಮರದ ಕೆಲಸ ಇಂಚು ನೂಲಲ್ಲೇ ನಡೀತಿದೆ, ಹಾಗಾಗಿ ಈ ಅಡಿಕೋಲು ಇಲ್ಲಿ ಶೋಕೇಸ್ ಸಾಮಾನಲ್ಲ. ಸ್ಟೀಲ್ ಸ್ಕೇಲ್ ಪಕ್ಕ ಇಟ್ಟು ನೋಡ್ದೆ, ತುದಿಯ ಸವೆತ ಬಿಟ್ರೆ ಗೆರೆಗೆ ಗೆರೆ ಕೂರುತ್ತೆ.

ನೀವೂ ಹುಡುಕೋಕೆ ಶುರು ಮಾಡೋದಾದ್ರೆ ನಾನು ನೋಡೋದು ಇಷ್ಟು. ಹೆಸರು ಓದೋಕೆ ಬರಬೇಕು. ಮರ ಸೀಳಿರಬಾರದು, ಗಾಜು ಒಡೆದಿದ್ರೂ ತಗೊಳ್ಳಿ, ಅದನ್ನ ಹಾಕಬಹುದು, ಸೀಳಿದ ಮೈಯನ್ನ ಸರಿಯಾಗಿ ಕೂಡಿಸೋದು ಕಷ್ಟ. ಪಟ್ಟಿ ಬಂಗಾರದ ಥರ ಫಳಫಳ ಹೊಳೀತಿದ್ರೆ ಯಾರೋ ಮೆಷಿನ್ ಬಫಿಂಗ್ ಮಾಡಿದಾರೆ ಅಂತ ಅರ್ಥ, ಅಂಥದ್ದಕ್ಕೆ ನಾನು ಜಾಸ್ತಿ ದುಡ್ಡು ಕೊಡಲ್ಲ. ಮಾಲೀಕರು ಮೈಮೇಲೆ ಕೊರೆದಿರೋ ಇನಿಷಿಯಲ್, ನಂಬರ್ ಇದ್ರೆ ಅದನ್ನ ಕಲೆ ಅಂತ ಉಜ್ಜಿ ತೆಗೀಬೇಡಿ. ಮತ್ತೆ ಮನೆಯಿಂದಲೇ ನೇರ ತಗೊಳ್ಳೋ ಹಾಗಿದ್ರೆ ಯಾರದ್ದು, ಗಣೀಲಿ ಯಾವ ಶಾಪಲ್ಲಿ ಕೆಲಸ ಮಾಡ್ತಿದ್ರು ಅಂತ ಕೇಳಿ ಬರೆದಿಟ್ಕೊಳ್ಳಿ, ಅಜ್ಜಿಯರಿಗೆ ಎಲ್ಲಾ ನೆನಪಿರುತ್ತೆ, ಕೂರಿಸಿ ಕಾಫಿ ಕೊಟ್ಟು ಹೇಳ್ತಾರೆ. ಸಾಮಾನು ಆಮೇಲೂ ಸಿಗಬಹುದು, ಆ ಮಾತು ಸಿಗಲ್ಲ.

ಮುಂದಿನ ಕೆಲಸಕ್ಕೆ ಚೆಸ್ಟರ್‌ಮನ್‌ದು ಒಂದು ಚರ್ಮದ ಡಬ್ಬಿ ಟೇಪ್ ಬಂದಿದೆ, ಪಕ್ಕದಲ್ಲಿ ಮಡಚೋ ಹಿತ್ತಾಳೆ ಹಿಡಿ ತಿರುಗಿಸಿ ಸುತ್ತೋದು. ಹಿಡಿ ತಿರುಗುತ್ತೆ, ಪಟ್ಟಿ ಒಳಗೆ ಹೋಗ್ತಿಲ್ಲ, ಚರ್ಮದ ಹೊಲಿಗೆ ಒಂದು ಕಡೆ ಬಿಟ್ಟಿದೆ. ಹೊಲಿಗೆ ಹಾಕೋಕೆ ಮೇಣ ಹಚ್ಚಿದ ದಾರ ತಂದಿಟ್ಟಿದೀನಿ, ಮೊದಲು ಡಬ್ಬಿ ಬಿಚ್ಚಿ ಒಳಗಿನ ಉರುಳೆ ಹೇಗಿದೆ ನೋಡಬೇಕು.